ಬಿಸಿಯಾದದ್ದು ಎಂಜಿನ್, ಬೈಸಿಕೊಂಡದ್ದು ಬಿರ್ಗಿತ್ತಾ

ಹೋದ ತಿಂಗಳು ಒಂದು ಸಂಜೆ ಪಕ್ಕದ ಮನೆಯ ಬಿರ್ಗಿತ್ತಾ ನಮ್ಮ ಬೆಲ್ ಒತ್ತಿ, ತಮ್ಮ ಕಾರಿನ ಕೀಲಿಯನ್ನು ನನ್ನ ಕೈಗಿಟ್ಟರು. "ಮಾರಾಟವಾಗುವವರೆಗೆ ನಿನ್ನ ಹತ್ತಿರ ಇರಲಿ. ನನಗೆ ಕಾರು ಓಡಿಸಲು ಬರುವುದಿಲ್ಲವಂತೆ."

ಬರುವುದಿಲ್ಲವಂತೆ! ಯಾರಿಗೆ? ಸ್ವೀಡನ್ನಿನ ಈ ನಮ್ಮ ಎಸ್ಕಿಲ್‌ಸ್ಟುನಾದ ಸುತ್ತಲಿನ ಹಳ್ಳಿಗಳಿಗೆ ಹಿಮ, ಮಂಜು ಏನೇ ಇರಲಿ, ಅಂಚೆ ವ್ಯಾನ್ ಓಡಿಸಿಯೇ ನಿವೃತ್ತರಾದ ಹೆಂಗಸಿಗೆ. (ಸ್ವೀಡಿಷ್‌ನಲ್ಲಿ ಚಿಕ್ಕವರು ದೊಡ್ಡವರೆಲ್ಲ ‘ನೀನು’. ಆದರೆ ಎಂಬತ್ತು ದಾಟಿದವರನ್ನು ಕನ್ನಡದಲ್ಲಿ ‘ಅವಳು’ ಎಂದು ಬರೆಯಲು ನನ್ನ ಕೈ ಓಡುವುದಿಲ್ಲ, ಕ್ಷಮಿಸಿ.)

ಅವರದು ಆಮೆಯಂಥ ಬೆನ್ನಿನ ಹಳೇ ಜರ್ಮನ್ ಕಾರು. ಡಿಕ್ಕಿ ಮುಂದೆ, ಎಂಜಿನ್ ಹಿಂದೆ. ಅದರಲ್ಲಿ ರೇಡಿಯೇಟರ್ ಇಲ್ಲ, ನೀರಿಲ್ಲ, ಕೂಲೆಂಟ್ ಇಲ್ಲ. ಒಂದು ಫ್ಯಾನ್ ಗಾಳಿ ಬೀಸುತ್ತದೆ, ತಗಡಿನ ಹೊದಿಕೆ ಆ ಗಾಳಿಯನ್ನು ಸಿಲಿಂಡರ್‌ಗಳ ಮೇಲೆ ಹಾಯಿಸುತ್ತದೆ. ಅಷ್ಟೇ. ನಮ್ಮೂರಿನ ಆಟೋಗಳ ದೊಡ್ಡಪ್ಪ ಎಂದುಕೊಳ್ಳಿ.

ವಸಂತದಲ್ಲಿ ಎಂಜಿನ್ನಿನಿಂದ ಆಯಿಲ್ ಸೋರುತ್ತಿದೆಯೆಂದು ಬಿರ್ಗಿತ್ತಾ ಅದನ್ನು ಗ್ಯಾರೇಜಿಗೆ ಬಿಟ್ಟಿದ್ದರು. ಸೋರುವುದು ನಿಂತಿತು. ಎಂಜಿನ್ ಕಾಯುವುದು ಶುರುವಾಯಿತು. ಸ್ವಲ್ಪ ದೂರ ಹೋದರೆ ಸುಟ್ಟ ವಾಸನೆ, ಸಿಗ್ನಲ್‌ನಲ್ಲಿ ನಿಂತರೆ ಆಯಿಲ್‌ನ ಕೆಂಪು ದೀಪದ ಮಿಣುಕು. ವಾಪಸ್ ಹೋಗಿ, ರಿಪೇರಿಯಾದ ಮೇಲೆಯೇ ಹೀಗಾಗುತ್ತಿದೆ ಎಂದು ಸ್ಪಷ್ಟವಾಗಿ ಹೇಳಿದರು. ಗ್ಯಾರೇಜಿನ ಯಜಮಾನ ಏನು ಮಾಡಿದ? ಅವರ ಮಗಳು ಲೇನಾಗೆ ಫೋನ್ ಮಾಡಿದ! ಬಿರ್ಗಿತ್ತಾ ಎದುರಿಗೇ ನಿಂತಿದ್ದಾರೆ. ನಿಮ್ಮ ತಾಯಿ ಕೆಳಗಿನ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿ ಎಂಜಿನ್ ಹುರಿದುಬಿಟ್ಟಿದ್ದಾರೆ, ವಯಸ್ಸಾದವರಲ್ಲಿ ಇದು ಸಾಮಾನ್ಯ, ಏನಾದರೂ ಅನಾಹುತವಾಗುವ ಮೊದಲು ಮಾರಿಬಿಡಿ ಎಂದನಂತೆ. ಲೇನಾ ಪಾಪ, ಹೆದರಿದಳು. ಕಾರು ಮಾರೋಣ, ಲೈಸೆನ್ಸೂ ಸಾಕು ಎಂದಳು.

ಬಾನೆಟ್ ತೆರೆದು ನೋಡಿದನೇ? ಇಲ್ಲ. (ಹಿಂದೆ ಇರುವುದಕ್ಕೆ ಬಾನೆಟ್ ಅನ್ನಬಹುದೋ ಇಲ್ಲವೋ, ಅದನ್ನಂತೂ ತೆರೆಯಲಿಲ್ಲ.) ಅವನು ನೋಡಿದ್ದು ಬಿಳಿ ಕೂದಲನ್ನು ಮಾತ್ರ.

ದಾವಣಗೆರೆಯಲ್ಲಿ ನನ್ನಮ್ಮನಿಗೂ ಇದೇ ಕಥೆ. ಬ್ಯಾಂಕಿನ ಆ್ಯಪ್ ಕೈಕೊಟ್ಟರೆ ಕೌಂಟರಿನ ಹುಡುಗಿ, ಮನೆಯಲ್ಲಿ ಮಕ್ಕಳು ಯಾರೂ ಇಲ್ಲವಾ ಆಂಟಿ ಎನ್ನುತ್ತಾಳೆ. ಸರ್ವರ್ ಡೌನ್ ಆಗಿದ್ದರೂ ತಪ್ಪು ಅಮ್ಮನ ಬೆರಳಿನದೇ!

ಬಿರ್ಗಿತ್ತಾಗೆ ಕಾರು ಶೋಕಿಯ ವಸ್ತುವಲ್ಲ. ಅವರ ಗೆಳತಿ ಇಂಗೆರ್ ದೂರದ ಹಳ್ಳಿಯೊಂದರ ವೃದ್ಧಾಶ್ರಮದಲ್ಲಿದ್ದಾರೆ. ಕಣ್ಣು ಮಂಜಾಗಿದೆ, ನೋಡಲು ಬರುವವರು ಬೇರೆ ಯಾರೂ ಇಲ್ಲ. ಅತ್ತ ಬಸ್ಸು ಹೋಗುವುದೇ ಅಪರೂಪ. ಪ್ರತಿ ಬುಧವಾರ ಇವರು ಹೋಗಿ, ಪೇಪರ್ ಓದಿ ಹೇಳಿ, ಜೊತೆಗೆ ಫಿಕಾ, ಅಂದರೆ ಇಲ್ಲಿನವರ ಕಾಫಿ-ತಿಂಡಿ, ಮುಗಿಸಿ ಬರುತ್ತಿದ್ದರು. ಈಗ ಆ ಬುಧವಾರಗಳು ನಿಂತಿದ್ದವು.

ನನ್ನ ಹೊಟ್ಟೆಪಾಡೇ ಎಂಜಿನ್ ತಣ್ಣಗಿಡುವುದು. ಇಲ್ಲಿನ ಒಂದು ಕಂಪನಿಯಲ್ಲಿ ಮಣ್ಣು ತೋಡುವ ಯಂತ್ರಗಳ ಕೂಲಿಂಗ್ ವಿಭಾಗದಲ್ಲಿದ್ದೇನೆ. ಒಮ್ಮೆ ನೋಡಲಾ ಎಂದು ಕೇಳಿದೆ. ನನ್ನ ಗಂಡ ರವಿ ಒಳಗೆ ಕರೆದು, "ನಿನಗ್ಯಾಕೆ ಊರ ಉಸಾಬರಿ? ನಿನ್ ಕೈಲಿದ್ದಾಗ ಎಂಜಿನ್ ಸೀಜ್ ಆದ್ರೆ ಎಲ್ರೂ ನಿನ್ನನ್ನೇ ಕೇಳ್ತಾರೆ" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಆದರೂ ಮೊದಲು ಬಿರ್ಗಿತ್ತಾ ಪಕ್ಕ ಕೂತು ಒಂದು ಸುತ್ತು ಹೋಗಿಬಂದೆ, ಓಡಿಸಿದವರು ಅವರೇ. ಗೇರು ಬದಲಾದದ್ದು ನನಗೆ ಗೊತ್ತೇ ಆಗಲಿಲ್ಲ, ಅಷ್ಟು ನಯ.

ಶನಿವಾರ ಅವರ ಅಂಗಳದಲ್ಲಿ ಕೆಲಸ ಶುರು. ಆಯಿಲ್ ಮಟ್ಟ ಸರಿ. ಫ್ಯಾನ್ ಬೆಲ್ಟ್ ಬಿಗಿ. ಇಗ್ನಿಷನ್ ಟೈಮಿಂಗ್ ಸರಿ. ಕಾರ್ಬುರೇಟರ್ ತಕರಾರಿಲ್ಲ. ಮತ್ತೆ ಒಂದಷ್ಟು ದೂರ ಓಡಿಸಿ ತಂದು, ದೂರದಿಂದಲೇ ಬಿಸಿ ಅಳೆಯುವ ಥರ್ಮಾಮೀಟರ್ ಹಿಡಿದೆ. (ಕೋವಿಡ್ ಕಾಲದಲ್ಲಿ ಮಾಲ್ ಬಾಗಿಲಲ್ಲಿ ನಮ್ಮ ಹಣೆಗೆ ಗುರಿಯಿಡುತ್ತಿದ್ದರಲ್ಲ, ಅದರ ಅಣ್ಣ.) ಬಲಗಡೆಯ ಎರಡು ಸಿಲಿಂಡರ್ ಇರಬೇಕಾದಷ್ಟೇ ಬಿಸಿ. ಎಡಗಡೆಯ ಎರಡು ಕೆಂಡ!

ಅಲ್ಲ ಸ್ವಾಮಿ, ಅಜ್ಜಿ ಗೇರು ತಪ್ಪಾಗಿ ಹಾಕಿದರೆ ಅರ್ಧ ಎಂಜಿನ್ ಮಾತ್ರ ಕಾಯುತ್ತದೆಯೇ?

ಎಡಗಡೆಗೆ ಗಾಳಿ ಹೋಗುತ್ತಿರಲಿಲ್ಲ. ಆಯಿಲ್ ಕೂಲರ್ ಇರುವುದೂ ಆ ಕಡೆಯೇ, ತಗಡಿನ ಹೊದಿಕೆಯ ಒಳಗೆ. ವಸಂತದಲ್ಲಿ ರಿಪೇರಿಯಾದದ್ದೂ ಅದೇ. ವೈರಿನಂಥ ಪುಟ್ಟ ಕ್ಯಾಮೆರಾವನ್ನು ಫೋನಿಗೆ ಸಿಕ್ಕಿಸಿ ಒಳಗೆ ಇಳಿಸಿದೆ. ಫೋನ್ ಹಿಡಿದಿದ್ದವರು ಬಿರ್ಗಿತ್ತಾ. ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಮೆಲ್ಲಗೆ, "ಎಂಜಿನ್ ಒಳಗೆ ಬಟ್ಟೆ ಇರಬೇಕಾ?" ಎಂದರು.

ಇರಬಾರದು. ಹೊದಿಕೆ ಎತ್ತಿದೆವು. ಕೂಲರಿಗೆ ಅಂಟಿಕೊಂಡು ಕೂತಿತ್ತು ಕೈ ಒರೆಸುವ ನೀಲಿ ಬಟ್ಟೆ, ಒಂದಂಚು ಸುಟ್ಟು ಕಪ್ಪಾಗಿತ್ತು, ಇನ್ನೊಂದಂಚಿನಲ್ಲಿ ಗ್ಯಾರೇಜಿನ ಹೆಸರು ಮುದ್ರೆಯಾಗಿತ್ತು. ಕೆಲಸ ಮಾಡುವಾಗ ಒಳಗೆ ಏನೂ ಬೀಳದಿರಲೆಂದು ಗಾಳಿ ಹೋಗುವ ತೂತಿಗೆ ತುರುಕಿ, ತೆಗೆಯಲು ಮರೆತು, ಮೇಲೆ ತಗಡು ಮುಚ್ಚಿದ್ದಾರೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಿರ್ಗಿತ್ತಾಗೆ ಸಿಟ್ಟು ಬರಲಿಲ್ಲ. ಮೆಟ್ಟಿಲ ಮೇಲೆ ಕೂತರು. "ನಾನು ನನ್ನ ಕೈಯನ್ನೇ ನಂಬುವುದು ಬಿಟ್ಟಿದ್ದೆ" ಎಂದರು.

ಬಟ್ಟೆ ಹೊರಬಂದ ಮೇಲೆ ಎಂಜಿನ್ ತಣ್ಣಗಾಯಿತು. ಕಂಪ್ರೆಷನ್ ನೋಡಿದೆ, ಅದೃಷ್ಟಕ್ಕೆ ಒಳಗೆ ಏನೂ ಕೆಟ್ಟಿರಲಿಲ್ಲ. ಇನ್ನಷ್ಟು ದಿನ ಹೀಗೇ ಓಡಿದ್ದರೆ ಎಂಜಿನ್ ನಿಜಕ್ಕೂ ಸುಡುತ್ತಿತ್ತು, ಆಗ ‘ನೋಡಿದಿರಾ, ಹೇಳಿರಲಿಲ್ಲವೇ’ ಎನ್ನಲು ಯಜಮಾನ ತಯಾರಿರುತ್ತಿದ್ದ.

ಸೋಮವಾರ ಬಿರ್ಗಿತ್ತಾ, ನಾನು, ರವಿ ಮೂವರೂ ಗ್ಯಾರೇಜಿಗೆ ಹೋದೆವು. ಯಜಮಾನ ಬಟ್ಟೆ ನೋಡಿದ, ನಮ್ಮಿಬ್ಬರನ್ನು ದಾಟಿ ರವಿಯ ಮುಖ ನೋಡುತ್ತ ವಿವರಣೆ ಕೊಡತೊಡಗಿದ. (ರವಿಗೆ ಗೊತ್ತಿರುವ ಏಕೈಕ ಫ್ಯಾನ್ ಲ್ಯಾಪ್‌ಟಾಪಿನದು.) ಹೊಸ ಹುಡುಗನಿದ್ದ, ಕೆಲಸ ಜಾಸ್ತಿ ಇತ್ತು, ಇಂಥವು ಆಗುತ್ತಿರುತ್ತವೆ, ನಾವೂ ಮನುಷ್ಯರೇ ಅಲ್ಲವೇ ಎಂದ. ರವಿ ಪಕ್ಕಕ್ಕೆ ಸರಿದು, ಬಿರ್ಗಿತ್ತಾಗೆ ಜಾಗ ಬಿಟ್ಟ.

"ರಿಪೇರಿಯಾದ ಮೇಲೆ ಶುರುವಾಯಿತು ಅಂತ ನಾನು ಹೇಳಿದ್ದೆ. ನಿನಗೆ ಕೇಳಿಸಿತ್ತಾ?" ಎಂದು ಕೇಳಿದರು ಬಿರ್ಗಿತ್ತಾ.

ಕೇಳಿಸಿತ್ತು ಎಂದ. ತಲೆ ತಗ್ಗಿಸಿದ. ಕಾಫಿ ಕೊಡಲಾ ಎಂದ. ಇವರು ಬೇಡ ಎಂದು ಹೊರಬಂದರು.

ಲೇನಾ ಅಮ್ಮನ ಕ್ಷಮೆ ಕೇಳಿ, ಮಾರಾಟದ ಜಾಹೀರಾತು ತೆಗೆಸಿದಳು. ಬುಧವಾರಗಳು ಮರಳಿ ಬಂದವು. ಮೊದಲ ಸಲ ನಾನೂ ಜೊತೆಗೆ ಹೋದೆ. ಎಂಜಿನ್ ಚೆನ್ನಾಗಿಯೇ ಓಡಿತು. ಆದರೆ ಪ್ರತಿ ಸಲ ಗೇರು ಹಾಕಿದಾಗ ಬಿರ್ಗಿತ್ತಾ ನನ್ನ ಕಡೆ ತಿರುಗಿ, ಸರಿಯಾಯಿತಲ್ಲ ಎಂದು ಕೇಳುತ್ತಿದ್ದರು. ಗ್ಯಾರೇಜಿನವನ ಆ ಮಾತಿಗೆ ಮೊದಲು ಅವರು ಯಾರನ್ನೂ ಹಾಗೆ ಕೇಳಿದವರಲ್ಲ. ಬಟ್ಟೆ ತೆಗೆಯಲು ನನಗೆ ಒಂದು ಸ್ಪ್ಯಾನರ್ ಸೆಟ್ ಸಾಕಾಯಿತು. ಈ ಅನುಮಾನವನ್ನು ಯಾವುದರಿಂದ ಬಿಚ್ಚಿ ತೆಗೆಯಲಿ?

ಇಪ್ಪತ್ತರ ಹುಡುಗ ಮರೆತರೆ ಅದು ಮನುಷ್ಯ ಸಹಜ. ಎಂಬತ್ತರ ಹೆಂಗಸು ಏನನ್ನೂ ಮರೆಯದೆ ಇದ್ದರೂ ಅದು ಹೇಗೆ ವಯಸ್ಸಿನ ದೋಷವಾಗುತ್ತದೆ?