ಹಿಂದಿನ ಸೀಟಿಗೆ ತಂಪು

ಹೋದ ವಾರ ಮೊಮ್ಮಗಳ ಕಾಲುಗೆಜ್ಜೆಗೆ ಬೆಸುಗೆ ಹಾಕಿಸಲು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಅಕ್ಕಸಾಲಿಗರು ಗೆಜ್ಜೆಗೆ ಬಿಳಿಗಾರ ಹಚ್ಚಿ, ಇದ್ದಿಲ ಮೇಲಿಟ್ಟು, ಊದುಗೊಳವೆಯನ್ನು ಬಾಯಿಗಿಟ್ಟರು ನೋಡಿ, ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗೆಜ್ಜೆ ಅಲ್ಲೇ ಬಿಟ್ಟು ಪಾಂಡವಪುರದ ಬಸ್ಸು ಹತ್ತಿಬಿಟ್ಟೆ. ಐದು ವರ್ಷದಿಂದ ನಾಳೆ, ನಾಳಿದ್ದು ಎನ್ನುತ್ತ ಬಂದಿದ್ದ ಕೆಲಸ ಅದು...

ಪಾಂಡವಪುರದಲ್ಲಿ ಒಬ್ಬರು ಆಚಾರ್ರಿದ್ದರು. ಹುಟ್ಟಿದ್ದು ಚಿನ್ನದ ಕೆಲಸದ ಮನೆಯಲ್ಲಿ, ಮಾಡುತ್ತಿದ್ದುದು ಕಾರುಗಳ ಎ.ಸಿ. ಕೆಲಸ. ನನ್ನ ಅಪ್ಪನ ಹಳೇ ಅಂಬಾಸಿಡರ್ ಎ.ಸಿ. ಹಾಕಿಸಿಕೊಳ್ಳಲು ಅವರ ಶೆಡ್ಡು ಸೇರಿದ್ದು ನನ್ನ ಮಗಳ ಮದುವೆಗೆ ಎರಡು ತಿಂಗಳು ಮುಂಚೆ. ತಾತನ ಕಾರಲ್ಲೇ ಛತ್ರಕ್ಕೆ ಹೋಗುತ್ತೇನೆ ಎಂದು ಅವಳು ಚಿಕ್ಕಂದಿನಿಂದ ಹೇಳುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಆ ಹಟ ಇನ್ನೂ ಗಟ್ಟಿಯಾಯಿತು. ಛತ್ರ ನಾಗಮಂಗಲದಲ್ಲಿ, ಅದೂ ಕಡುಬೇಸಿಗೆ, ನಾವು ಕ್ಯಾತನಹಳ್ಳಿ ಬಿಡಬೇಕಾದದ್ದು ಮಟಮಟ ಮಧ್ಯಾಹ್ನ. ನನ್ನ ಮಗಳೋ ಬಿಸಿಲು ತಾಗಿದರೆ ತಲೆ ಸಿಡಿದು, ವಾಂತಿ ಮಾಡಿಕೊಂಡು ಮಲಗಿಬಿಡುವವಳು. ಮದುವಣಗಿತ್ತಿಯನ್ನು ಬೀಗರ ಮುಂದೆ ಎತ್ತಿ ಇಳಿಸುವ ಗತಿ ಬಂದರೆ ಏನು ಮಾಡಲಿ ಎಂಬುದೇ ನನಗೆ ಹಗಲೂ ರಾತ್ರಿ ಚಿಂತೆ.

ನಾನೇ ಮೈಸೂರಿಗೆ ಹೋಗಿ, ಇದ್ದುದರಲ್ಲೇ ದೊಡ್ಡ ಕಂಪ್ರೆಸರ್ ಹೊತ್ತು ತಂದಿದ್ದೆ. ದೊಡ್ಡದಾದಷ್ಟೂ ತಂಪು ಎಂಬುದು ನನ್ನ ಬುದ್ಧಿ. ಆಚಾರ್ರು ಅದನ್ನು ತಿರುಗಿಸಿ ನೋಡಿ ನೆಲಕ್ಕಿಟ್ಟರು.

"ಇದ ಎಳ್ಯೋ ತಾಕತ್ತು ಈ ಇಂಜಿನ್‌ಗಿಲ್ಲ ಕಣಕ್ಕ. ಮೇಲುಕೋಟೆ ಏರಲ್ಲೇ ಕುದ್ದು ನಿಂತ್ಕತದೆ. ಮೊದ್ಲು ಅಮ್ಮಣ್ಣಿನ ಕರ್ಕಂಡ್ ಬನ್ನಿ. ಕೂತ್ಕಳೋರ್ನ ನೋಡ್ದೆ ನಾನು ಸ್ಪ್ಯಾನರ್ ಮುಟ್ಟಾಕಿಲ್ಲ."

ಅಯ್ಯೋ, ಇವರೇನು ಜಾತಕ ಹೊಂದಿಸುತ್ತಾರಾ! ಬೈದುಕೊಂಡೇ ಮಗಳನ್ನು ಕರೆದೊಯ್ದೆ. ಅವಳನ್ನು ಹಿಂದಿನ ಸೀಟಿನ ಎಡಕ್ಕೆ ಕೂರಿಸಿ, ಒರಗಿಸಿ, ಹಣೆ ಎಲ್ಲಿಗೆ ಬರುತ್ತದೆಂದು ದಾರದಲ್ಲಿ ಅಳತೆ ತೆಗೆದುಕೊಂಡರು. ಮುಂದಿನ ಗಾಳಿ ಅಲ್ಲಿಯವರೆಗೆ ತಲುಪುವುದಿಲ್ಲವಂತೆ, ಹಿಂದಕ್ಕೆ ಬೇರೆಯೇ ಕೊಳವೆ ಎಳೆಯಬೇಕಂತೆ.

ಆಮೇಲೆ ಶುರುವಾಯಿತು ಹುಡುಕಾಟ. ಕೆ.ಆರ್. ಪೇಟೆಯ ಗುಜರಿಯಲ್ಲಿ, ಗುದ್ದಿ ನುಜ್ಜಾದ ಸಣ್ಣ ಕಾರುಗಳ ಮೂರು ಕಂಪ್ರೆಸರ್ ತಿರುಗಿಸಿ, ಕಿವಿಗೊಟ್ಟು ಕೇಳಿ, ಬೇಡ ಎಂದು ಬಂದರಂತೆ. ನಾಲ್ಕನೆಯದು ಒಪ್ಪಿಗೆಯಾಯಿತು. ತಂಪು ಹೊರಗೆ ಸೋರಬಾರದೆಂದು ಬಾಗಿಲ ರಬ್ಬರು ತರಲು ಮೊಪೆಡ್ಡಿನಲ್ಲಿ ಕಿಕ್ಕೇರಿಗೆ ಹೋದರು. ಡ್ಯಾಶ್‌ಬೋರ್ಡ್ ಕೊಯ್ದುಬಿಟ್ಟರೆ ಎರಡೇ ದಿನದ ಕೆಲಸ ಎಂದು ಬೇರೆಯವರು ಹೇಳಿದ್ದರು. ಇವರು ಕೇಳಲೇ ಇಲ್ಲ. "ನಿಮ್ಮಪ್ಪಾಜಿ ಕೈ ಆಡಿರೋ ಜಾಗ ಕಣಕ್ಕ" ಎಂದು ಎ.ಸಿ. ಪೆಟ್ಟಿಗೆಯನ್ನು ಅದರ ಕೆಳಗೇ ತೂರಿಸಲು ಒದ್ದಾಡಿದರು. ನಾನು ದಿನಾ ಹೋಗಿ ಎದುರಿಗೆ ನಿಲ್ಲುತ್ತಿದ್ದೆ. ಕೇಳಿದಾಗೆಲ್ಲ "ಆಯ್ತದೆ" ಎನ್ನುತ್ತಿದ್ದರು. ಆ 'ಆಯ್ತದೆ' ಕೇಳಿ ಕೇಳಿ ನನ್ನ ಮೈ ಉರಿಯುತ್ತಿತ್ತು.

ಮದುವೆಗೆ ಒಂಬತ್ತು ದಿನ ಇತ್ತು. ಹೋಗಿ ನೋಡಿದರೆ ಕಾರು ಬಾಯಿ ತೆರೆದುಕೊಂಡು ನಿಂತಿದೆ, ಇವರು ಇದ್ದಿಲು ಹೊತ್ತಿಸಿ ಹಿತ್ತಾಳೆಯ ಅಂಗೈಯಗಲದ ಜಾಲರಿಗೆ ಬಿಳಿಗಾರ ಹಚ್ಚಿ ಊದುತ್ತ ಕೂತಿದ್ದಾರೆ. ಹಿಂದಿನ ಸೀಟಿನ ಗಾಳಿಗಂಡಿಗಂತೆ. ಅಂಗಡಿಯ ಪ್ಲಾಸ್ಟಿಕ್ಕಿನದು ಗಾಳಿಯನ್ನು ಒಂದೇ ಕಡೆ ರಾಚುತ್ತದಂತೆ. ನನಗೆ ತಡೆಯಲಾಗಲಿಲ್ಲ.

"ಇದು ನನ್ ಮಗಳ ಮದ್ವೆ ಆಚಾರ್ರೇ, ನಿಮ್ಮ ಒಡವೆ ಅಂಗಡಿ ಅಲ್ಲ!"

ಅವರು ಊದುವುದನ್ನು ನಿಲ್ಲಿಸಿದರು. "ಒಡವೆ ಅಂದ್ಕಂಡೇ ಮಾಡ್ತಾ ಇವ್ನಿ ಕಣಕ್ಕ" ಎಂದರು, ಮತ್ತೆ ಕೊಳವೆಗೆ ಬಾಯಿಟ್ಟರು.

ಹೊರಡುವ ಹಿಂದಿನ ದಿನ ಕಾರು ಮನೆಗೆ ಬಂತು. ಮರುದಿನ ಮಧ್ಯಾಹ್ನ ಕಿಟಕಿಯ ಆಚೆ ರಸ್ತೆ ಸುಡುತ್ತಿದ್ದರೆ ಒಳಗೆ ಮಗಳ ಹಣೆಯ ಮೇಲೆ ಒಂದು ಹನಿ ಬೆವರಿಲ್ಲ. ಆಚಾರ್ರು ಸ್ಪ್ಯಾನರಿನ ಚೀಲ ಕಟ್ಟಿಕೊಂಡು, ತಲೆಗೊಂದು ಟವಲು ಸುತ್ತಿ, ನಾಗಮಂಗಲದವರೆಗೂ ಮೊಪೆಡ್ಡಿನಲ್ಲಿ ನಮ್ಮ ಹಿಂದೆಯೇ ಬಂದರು. ದಾರಿಯಲ್ಲಿ ಏನಾದರೂ ಕೈಕೊಟ್ಟರೆ ಎಂದು. ಏನೂ ಕೈಕೊಡಲಿಲ್ಲ. ಮಗಳು ನಗುನಗುತ್ತ ಇಳಿದಳು, ಆರತಿಯ ಗಲಾಟೆಯಲ್ಲಿ ನಾನು ಒಳಗೆ ಹೋಗಿಬಿಟ್ಟೆ.

ಮದುವೆ ಮುಗಿಸಿ ತವರಿಗೆ ಬಂದ ಮಗಳು ಮೊದಲು ಕೇಳಿದ್ದೇ ಇದನ್ನು. "ಅವ್ವಾ, ಆಚಾರ್ರು ಛತ್ರದ ಆಚೆ ಕಾರಿನ ನೆಳ್ಳಲ್ಲೇ ಕೂತಿದ್ರು. ಊಟಕ್ಕೆ ಯಾಕ್ ಬರ್ಲಿಲ್ಲ?"

ಎರಡು ತಿಂಗಳು ಅವರ ಮುಂದೆ ಮದುವೆ ಮದುವೆ ಎಂದು ಕೂಗಾಡಿದ್ದೇನೆ, ಅದೇ ಕರೆದಂತಾಯಿತು ಎಂದುಕೊಂಡುಬಿಟ್ಟಿದ್ದೆ. ಊರೂರು ಸುತ್ತಿ, ಬೂಕನಕೆರೆಯಲ್ಲಿ ಯಾವತ್ತೋ ಕಂಡ ನಂಟರಿಗೂ ಅರಿಶಿನ ಕುಂಕುಮ ಹಚ್ಚಿದ ಲಗ್ನಪತ್ರಿಕೆ ಕೊಟ್ಟವಳು, ದಿನಾ ಕಾಣುತ್ತಿದ್ದ ಆ ಮನುಷ್ಯನಿಗೆ ಕೊಟ್ಟಿರಲಿಲ್ಲ. ಬಾಯಿಮಾತಿಗೂ ಬನ್ನಿ ಎಂದಿರಲಿಲ್ಲ. ಕರೆಯದ ಮನೆಯ ಎಲೆ ಮುಂದೆ ಅವರು ಹೇಗೆ ಕೂತಾರು? ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಯಾವ ಮುಖ ಹೊತ್ತು ಹೋಗಲಿ ಎನ್ನುತ್ತಲೇ ವರ್ಷಗಳು ಕಳೆದವು. ಬಸ್ಸು ಅವರ ಶೆಡ್ಡಿನ ಮುಂದೆ ಹಾಯುವಾಗ ಆ ಕಡೆಯ ಕಿಟಕಿ ಬಿಟ್ಟು ಕೂರುತ್ತಿದ್ದೆ...

ಹೋದ ವಾರ ಬಸ್ಸಿಳಿದು ಹೋದರೆ ಶೆಡ್ಡಿನ ಜಾಗದಲ್ಲಿ ಪಂಕ್ಚರ್ ಅಂಗಡಿ. ಹಿಂದಿನ ಮನೆಯಲ್ಲಿ ಅವರ ಸೊಸೆ ಸಿಕ್ಕಳು. ನಾನು ಕ್ಯಾತನಹಳ್ಳಿಯ ಅಂಬಾಸಿಡರಿನವಳು ಎಂದೆ. "ಮಾವ ಓಗಿ ಎರಡ್ ವರ್ಸ ಆಯ್ತಲ್ಲಕ್ಕ" ಎಂದಳು. ನನಗೆ ಸಂಕಟ ಬಂದರೂ ಅದು ಸಿಟ್ಟಾಗಿಯೇ ಹೊರಗೆ ಬರುವುದು. "ಇಷ್ಟ್ ಹತ್ರ ಇದ್ದೀವಿ, ಒಂದ್ ಮಾತು ಹೇಳ್ಬಾರ್ದಿತ್ತಾ? ತಿಥಿಗಾದ್ರೂ ಬರ್ತಿರ್ಲಿಲ್ವಾ ನಾನು?" ಎಂದು ಬಾಗಿಲಲ್ಲೇ ಜಗಳಕ್ಕೆ ನಿಂತೆ.

ಪಾಪ, ಅವಳು ಗಾಬರಿಯಾದಳು. "ಬಂದಿದ್ ಲಗ್ನಪತ್ರಿಕೆನೆಲ್ಲ ಮಾವ ಒಂದ್ ಟ್ರಂಕಲ್ಲಿ ಮಡಗಿದ್ರು. ಅವನ್ನೇ ನೋಡ್ಕಂಡು ತಿಥಿ ಕಾರ್ಡ್ ಅಂಚುದ್ವಿ ಕಣಕ್ಕ, ಒಂದ್ ಮನೆನೂ ಬುಟ್ಟಿಲ್ಲ. ನಿಮ್ದು... ಅದ್ರಲ್ಲಿ ಇರ್ನಿಲ್ವೇನೋ."

"ಇರ್ಲಿಲ್ಲ ಕಣವ್ವ, ನಾನೇ ಕೊಡ್ಲಿಲ್ಲ" ಎಂದೆ. ಅವರಿಗೆ ಹೇಳಬೇಕಾಗಿದ್ದ ಮಾತು ಅದು. ಕೇಳಲು ಅವರಿಲ್ಲ.