ಅಜ್ಜಿ ಕೂತ ಕಡೇ ಚಾಪೆ

ನಂಜನಗೂಡಿನ ನಮ್ಮ ಚರ್ಚು ಚಿಕ್ಕದು. ಗಂಡಸರಿಗೆ ಬೆಂಚು, ಹೆಂಗಸರಿಗೆ ಚಾಪೆ. ತಪ್ಪು ಮಾಡಿದವರು ಬಾಗಿಲ ಬಳಿ, ಚಪ್ಪಲಿಗಳ ಪಕ್ಕದ ಕಡೇ ಸಾಲಿನಲ್ಲಿ ಕೂರಬೇಕು. ಸಭೆಯೆದುರು ನಿಂತು ‘ತಪ್ಪಾಯಿತು’ ಎನ್ನುವವರೆಗೂ ಅವರಿಗೆ ಯೇಸುವಿನ ನೆನಪಿಗೆ ಹಂಚುವ ಪ್ರಭುಭೋಜನದ ರೊಟ್ಟಿಯಿಲ್ಲ. ಕುಡುಕರಿಗೆ ಇದೆಲ್ಲ ಸಲೀಸು. ಬಾಯಿತುಂಬ ತಪ್ಪಾಯಿತೆಂದು ಮುಂದಕ್ಕೆ ಬರುತ್ತಿದ್ದರು, ಹಬ್ಬ ಮುಗಿಯುತ್ತಲೇ ಮತ್ತೆ ಹಿಂದಕ್ಕೆ ಹೋಗುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಆ ಜಾಗಕ್ಕೆ ನನ್ನ ಅವ್ವ ಬಂದಳು. ನನ್ನ ತಮ್ಮ ಮೈಸೂರಿನ ಆಸ್ಪತ್ರೆಯಲ್ಲಿ ಜ್ವರದಿಂದ ಪ್ರಜ್ಞೆ ತಪ್ಪಿ ಮಲಗಿದ್ದಾಗ, ಪಕ್ಕದ ಮನೆಯವರ ಮಾತು ಕೇಳಿ ನಂಜುಂಡನಿಗೆ ಹರಕೆ ಹೊತ್ತಿದ್ದಳು. ಅವನು ಎದ್ದು ಕೂತ ಮೇಲೆ ಕಪಿಲೆಯ ದಂಡೆಯಲ್ಲಿ ಮುಡಿ ಕೊಟ್ಟು ಬಂದಳು. ಬೋಳುತಲೆ ಸೆರಗಿನಲ್ಲಿ ಅಡಗುತ್ತದೆಯೇ? ಎಲ್ಲರಿಗಿಂತ ಮೊದಲು ಪಾದ್ರಿಗಳಿಗೆ ದೂರು ಹೇಳಿದ್ದು ಅವ್ವನ ಅತ್ತೆ, ನಮ್ಮಜ್ಜಿ. ನೆರೆಯವರು ಕೊಟ್ಟ ಪ್ರಸಾದವನ್ನು ಹಸುವಿಗೆ ಹಾಕುವಷ್ಟು ಕಟ್ಟುನಿಟ್ಟಿನ ಹೆಂಗಸು.

“ಮಗ ಬದುಕವ್ನೆ. ತಪ್ಪಾಯ್ತು ಅಂತ ಯಾವ ಬಾಯಲ್ಲಿ ಅನ್ಲಿ?” ಎಂದಳು ಅವ್ವ. ಸುಳ್ಳು ಹೇಳಿ ರೊಟ್ಟಿ ತಿನ್ನುವುದು ಅವಳಿಂದಾಗದು.

ಮುಂದಿನ ಪ್ರಭುಭೋಜನದ ದಿನ ಅಜ್ಜಿ ಮುಂದಿನ ಸಾಲಿನಿಂದ ಎದ್ದಳು. ರೊಟ್ಟಿಗೆ ಹೊರಟಳೆಂದುಕೊಂಡೆ. ಅವಳು ಹಿಂದಕ್ಕೆ ಬಂದು ಅವ್ವನ ಪಕ್ಕ ಕೂತಳು. ಪಾದ್ರಿಗಳು ಗಾಬರಿಯಿಂದ ಕರೆದರು.

“ಇವ್ಳು ಮಾಡಿದ್ದು ತಪ್ಪೇ ಕಣ್ರಯ್ಯಾ,” ಎಂದಳು ಅಜ್ಜಿ. “ಆದ್ರೆ ಇವ್ಳನ್ನ ಬುಟ್ಟು ತಿಂದ್ರೆ ನಂಗೆ ಗಂಟ್ಲಲ್ಲಿ ಇಳಿಯಾಕಿಲ್ಲ.”

ತಪ್ಪನ್ನು ತಪ್ಪೆಂದೇ ಹೇಳಿ, ತಪ್ಪು ಮಾಡಿದವಳಿಗೆ ಭುಜ ತಾಗಿಸಿ ಕೂರುವವರನ್ನು ನಾನು ಅಲ್ಲಿಯವರೆಗೂ ಕಂಡಿರಲಿಲ್ಲ. ಇಂದಿಗೂ ಅದನ್ನು ನೆನೆದರೆ ಕೈ ಮುಗಿಯಬೇಕೆನಿಸುತ್ತದೆ.

ಅವ್ವನ ಕೂದಲು ಕಿವಿ ಮುಚ್ಚುವವರೆಗೂ ಇಬ್ಬರೂ ಅಲ್ಲೇ ಕೂತರು. ಅಷ್ಟರಲ್ಲಿ ಅಜ್ಜಿಗೆ ಉಬ್ಬಸ ಜೋರಾಗಿತ್ತು. ರೊಟ್ಟಿ ಹಂಚುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅದನ್ನು ಅವ್ವ ನೋಡುತ್ತಿದ್ದಳು.

ಒಂದು ಭಾನುವಾರ ಅವ್ವ ಎದ್ದು ಹೋಗಿ ಸಭೆಯೆದುರು ನಿಂತಳು.

“ತಪ್ಪಾಯ್ತು,” ಎಂದಳು. ಹರಕೆಯ ಮಾತೆತ್ತಲಿಲ್ಲ. “ನಮ್ಮತ್ತೇನ ಇಷ್ಟು ದಿನ ಉಪಾಸ ಕೂರ್ಸ್‌ಬುಟ್ಟೆ.”

ಪಾದ್ರಿಗಳು ರೊಟ್ಟಿಯ ತಟ್ಟೆ ಹಿಡಿದು ತಾವೇ ಚಪ್ಪಲಿಗಳವರೆಗೆ ನಡೆದು ಬಂದು ಅಜ್ಜಿಯ ಮುಂದೆ ಬಾಗಿದರು. ಅವಳು ರೊಟ್ಟಿಗೆ ಬಾಯಿ ತೆರೆಯಲಿಲ್ಲ. ಇನ್ನೂ ಸಭೆಯೆದುರೇ ನಿಂತಿದ್ದ ಸೊಸೆಯ ಕಡೆ ಕೈ ತೋರಿಸಿದಳು.

“ಮೊದ್ಲು ಅವ್ಳಿಗೆ ಕೊಡಿ.”