ಒಂಬತ್ತು ಗುಂಡಿನ ಕುರೂಪಿ ಮತ್ತು ಓಡಾ ಅಜ್ಜಿಯ ಬಾಣಲೆ

ಆರ್ವೆಲ್ಲಾ ಸ್ಟಿಡಮ್ ಕೈಯಲ್ಲಿ ಪೆಟ್ಟು ತಿನ್ನದ ಗಂಡಸರು ನಮ್ಮ ಕಣಿವೆಯಲ್ಲಿ ಇಬ್ಬರೇ. ಒಬ್ಬ ಪಾದ್ರಿ, ಇನ್ನೊಬ್ಬ ಅವಳು ಹುಟ್ಟುವ ಮೊದಲೇ ಸತ್ತವನು.

ಇಪ್ಪತ್ತೇಳು ವರ್ಷ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಮುನ್ನೂರು ಮಕ್ಕಳಿಗೆ ಬಡಿಸಿದ ತೋಳು ಅದು. ಒಮ್ಮೆ ಹಾಲಿನ ಲಾರಿಯವನು ಕುಡಿದು ಬಂದು ಅಡುಗೆಮನೆಯ ಗೋಡೆಗೆ ಗುದ್ದಿದಾಗ ಅವನನ್ನು ಸೌಟಿನಿಂದಲೇ ಮಲಗಿಸಿದ್ದಳು. ಅವನ ಹೆಗಲ ಮೂಳೆ ಮುರಿದ ಸದ್ದು ಮೂರನೆಯ ತರಗತಿಯವರೆಗೂ ಕೇಳಿತಂತೆ. ಮಕ್ಕಳು ಚಪ್ಪಾಳೆ ತಟ್ಟಿದರು. ಆಕೆ ಸೌಟು ತೊಳೆದುಕೊಂಡು ಮತ್ತೆ ಬೀನ್ಸ್ ಬಡಿಸಲು ನಿಂತಳು.

ಇಂಥ ವೀರಾಗ್ರಣಿಗೆ ಆರು ವರ್ಷ ಸತತವಾಗಿ ಮಣ್ಣು ಮುಕ್ಕಿಸಿದವಳು ಭೂಮಿಯ ಮೇಲೆ ಒಬ್ಬಳೇ: ಅವಳ ನಾದಿನಿ ಟ್ವೈಲಾ.

ಜಗಳ ಒಂದು ಬಾಣಲೆಯದು. ಆರ್ವೆಲ್ಲಾಳ ಅತ್ತೆ, ಊರಿಗೆಲ್ಲ ಓಡಾ ಅಜ್ಜಿ, ಸಾಯುವಾಗ ಆಸ್ತಿ ಎಂದು ಬಿಟ್ಟುಹೋದದ್ದು ಒಂದು ಬೀಡು ಕಬ್ಬಿಣದ ಬಾಣಲೆ. ನೂರು ವರ್ಷದ ಹಂದಿಕೊಬ್ಬು ಕುಡಿದು ಕನ್ನಡಿಯಂತೆ ಕಪ್ಪಾಗಿತ್ತು. ಅದರಲ್ಲಿ ಬೇಯಿಸಿದ ಮೆಕ್ಕೆಜೋಳದ ದಪ್ಪ ರೊಟ್ಟಿಯನ್ನು ತಿಂದವರು ಬೇರೆ ರೊಟ್ಟಿಯನ್ನು ನಾಯಿಗೆ ಹಾಕುತ್ತಿದ್ದರು. ಅದು ಮಗನ ಹೆಂಡತಿಗೋ ಮಗಳಿಗೋ ಎಂದು ಅಜ್ಜಿ ಹೇಳಲಿಲ್ಲ. ಮೇ ತಿಂಗಳ ಕೊನೆಗೆ ಮನೆಯವರೆಲ್ಲ ಸಮಾಧಿಗಳ ಕಳೆ ಕಿತ್ತು, ಹೂವಿಟ್ಟು, ಅಲ್ಲೇ ಹುಲ್ಲಿನ ಮೇಲೆ ಊಟ ಮಾಡುವ ದಿನ ಪಿಸ್ತೂಲಿನಿಂದ ಡಬ್ಬಿ ಹೊಡೆದು ಗೆದ್ದವರು ಒಂದು ವರ್ಷ ಇಟ್ಟುಕೊಳ್ಳಲಿ ಎಂದಳು. ಕೆಂಟಕಿಯ ಬೆಟ್ಟದ ಹೆಂಗಸು, ನ್ಯಾಯಾಲಯಕ್ಕಿಂತ ಇದು ಅಗ್ಗವೆಂದು ಬಲ್ಲಳು.

ಟ್ವೈಲಾ ರೊಟ್ಟಿಗೆ ಸಕ್ಕರೆ ಹಾಕುತ್ತಾಳೆ. ಅದನ್ನು ಆರು ವರ್ಷ ಆರ್ವೆಲ್ಲಾ ಹಲ್ಲು ಕಚ್ಚಿ ಸಹಿಸಿದಳು. ಆದರೆ ಈ ಏಪ್ರಿಲ್‌ನಲ್ಲಿ ಟ್ವೈಲಾ ಇಗರ್ಜಿಯ ಬಾಗಿಲಲ್ಲಿ ನಿಂತು ಸಾರಿದಳು: "ಈ ಸಲಾನೂ ನಾನೇ ಗೆದ್ರೆ ಆ ಬಾಣಲೆ ಮೇಲೆ ಒಂದು ಹುಂಜದ ಚಿತ್ರ ಬರೆಸ್ತೀನಿ. ಕೆಂಪು ಜುಟ್ಟು, ಹಿಂದೆ ಸೂರ್ಯ. ಸೋಫಾ ಮೇಲಿನ ಗೋಡೆಗೆ ಚೆನ್ನಾಗಿ ಒಪ್ಪುತ್ತೆ."

ಬಣ್ಣ ಬಳಿದ ಬಾಣಲೆಯಲ್ಲಿ ಇನ್ನು ರೊಟ್ಟಿ ಬೇಯುವುದಿಲ್ಲ. ಆರ್ವೆಲ್ಲಾ ಮನೆಗೆ ಹೋಗಿ ಒಂದು ಕುರ್ಚಿ ಮುರಿದಳು.

ತೊಂದರೆಯೆಂದರೆ ಈಗ ಅವಳ ಬಳಿ ಪಿಸ್ತೂಲೇ ಇರಲಿಲ್ಲ; ಇಷ್ಟು ವರ್ಷ ಹೊಡೆದದ್ದು ಗಂಡನದರಿಂದ. ಕಳೆದ ಚಳಿಗಾಲದಲ್ಲಿ ಗಂಡ ಡೆನ್ವರ್ ಎದೆನೋವಿನಿಂದ ಸತ್ತಾಗ, ಅಣ್ಣನ ಪಿಸ್ತೂಲು ಅಣ್ಣನ ಜೊತೆಗೇ ಹೋಗಲಿ ಎಂದು ಟ್ವೈಲಾ ಅತ್ತೂ ಅತ್ತೂ ಅದನ್ನು ಶವಪೆಟ್ಟಿಗೆಗೆ ಹಾಕಿಸಿದ್ದಳು. ಆ ಕಣ್ಣೀರಿನಲ್ಲಿ ಎಷ್ಟು ಭಾಗ ಉಪಾಯವಿತ್ತು ಎಂದು ಆರ್ವೆಲ್ಲಾಗೆ ಈಗ ಹೊಳೆಯಿತು.

ಪೇಟೆಯ ಬಂದೂಕಿನ ಅಂಗಡಿ ಎಸ್ಟಿಲ್ ಬಾಗ್ಸ್‌ನದು. ನಲವತ್ತೈದು ದಾಟಿದ ಗಡ್ಡದ ಆಳು. ಆದರೂ ಎರಡನೆಯ ತರಗತಿಯಲ್ಲಿ ಅವಳ ಬೀನ್ಸ್ ಚೆಲ್ಲಿ ಕಿವಿ ಹಿಂಡಿಸಿಕೊಂಡವನು. ಅವಳು ಒಳಗೆ ಬಂದರೆ ಇಂದಿಗೂ ಟೋಪಿ ತೆಗೆದು ನಿಲ್ಲುತ್ತಾನೆ.

"ಏನ್ ಬೇಕು ಮಿಸ್ ಆರ್ವೆಲ್ಲಾ?"

"ಡಬ್ಬಿ ಹೊಡಿಯೋಕೆ ಒಂದು ಪಾಯಿಂಟ್ ಟೂಟೂ ಪಿಸ್ತೂಲು. ಟ್ವೈಲಾ ನೋಡಿದ ತಕ್ಷಣ ಹೊಟ್ಟೆ ಉರಿದು ಬೂದಿ ಆಗ್ಬೇಕು, ಅಂಥದ್ದು."

"ಹೊಟ್ಟೆ ಉರಿಸೋಕೆ ಬೇರೆ, ಡಬ್ಬಿ ಹೊಡಿಯೋಕೆ ಬೇರೆ. ಯಾವ ತೋಟಾ ಹಾಕ್ತೀರಿ?"

"ಡೆನ್ವರ್ ಕೂಡಿಟ್ಟದ್ದು ಇದೆಯಲ್ಲೋ. ನೆಲಮಾಳಿಗೇಲಿ ಹಂದಿಕೊಬ್ಬಿನ ಹಳೇ ಬಕೆಟ್ ತುಂಬ."

ಎಸ್ಟಿಲ್ ಕಣ್ಣು ಮುಚ್ಚಿಕೊಂಡ. ತೋಟಾ ಸಿಗದ ಬರಗಾಲದ ವರ್ಷಗಳಲ್ಲಿ ಡೆನ್ವರ್ ಕಂಡಕಂಡಲ್ಲಿ ಹಿಡಿಹಿಡಿ ಕೊಂಡು, ನಾಲ್ಕೈದು ಬಗೆಯನ್ನು ಒಂದೇ ಬಕೆಟ್ಟಿಗೆ ಸುರಿದು, ಒದ್ದೆ ಗೋಡೆಗೆ ಒರಗಿಸಿಟ್ಟದ್ದು ಊರಿಗೇ ಗೊತ್ತು. ನಮ್ಮಲ್ಲಿ ಗಂಡ ಕೂಡಿಟ್ಟ ತೋಟಾವನ್ನು ವಿಧವೆ ಎಸೆಯುವುದೆಂದರೆ ಗಂಡನನ್ನೇ ಎಸೆದ ಹಾಗೆ.

"ಮಿಸ್ ಆರ್ವೆಲ್ಲಾ, ಪಾಯಿಂಟ್ ಟೂಟೂ ತೋಟಾಕ್ಕೆ ಕಿಡಿಯ ಮದ್ದು ಅಂಚಲ್ಲಿ ಇರುತ್ತೆ. ತೇವ ಕುಡಿದ್ರೆ ನಾಲ್ಕಕ್ಕೆ ಒಂದು ಠುಸ್. ಹೊಸ ಡಬ್ಬ ತಗೊಳ್ಳಿ."

"ನನ್ನ ಗಂಡನ ಗುಂಡಿಗೆ ಹೆಸರಿಡ್ತೀಯಾ? ಬೀನ್ಸ್ ನೆನಪಿದೆಯೇನೋ?"

ಅವನು ಕಿವಿ ಮುಟ್ಟಿಕೊಂಡ. ಅವಳ ಕಣ್ಣು ಅಷ್ಟರಲ್ಲಿ ಗಾಜಿನೊಳಗಿನ ಒಂದು ಸುಂದರಿಯ ಮೇಲೆ ಬಿದ್ದಿತ್ತು. ಉದ್ದನೆಯ ದಪ್ಪ ನಳಿಗೆ, ಅಕ್ರೋಟು ಮರದ ಹಿಡಿ, ಮೇಲೆ ಗುರಿಗೆ ಕೆಂಪು ಚುಕ್ಕೆ ತೋರಿಸುವ ಗಾಜು. ಒಂದು ಗುಂಡು ಹಾರಿದರೆ ಮುಂದಿನದನ್ನು ತಾನೇ ಒಳಗೆಳೆದುಕೊಳ್ಳುವ ಜಾಣೆ. ಎಸ್ಟಿಲ್ ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ಅದನ್ನು ಕಂಕುಳಲ್ಲಿಟ್ಟುಕೊಂಡು ಹೊರಟಿದ್ದಳು.

ಮರುದಿನ ಹಿತ್ತಿಲ ದಿಬ್ಬಕ್ಕೆ ಬೆನ್ನು ಕೊಟ್ಟು ಹಾಳಾದ ಟೊಮೇಟೊ ಡಬ್ಬಿಗಳ ಸೇನೆ ಸಾಲಾಗಿ ನಿಂತಿತು. ಖಾಲಿ ಡಬ್ಬಿಯಾದರೆ ಚಿಕ್ಕ ಗುಂಡು ತೂರಿಹೋಗುತ್ತದೆ, ಡಬ್ಬಿ ಅಲುಗುವುದೂ ಇಲ್ಲ. ತುಂಬಿದ ಡಬ್ಬಿಯ ಸಾವೇ ಬೇರೆ. ಮೊದಲ ಗುಂಡಿಗೆ ಸೇನಾಪತಿಯ ಹೊಟ್ಟೆ ಬಿರಿದು ಕೆಂಪು ರಕ್ತ ಆಕಾಶಕ್ಕೆ ಚಿಮ್ಮಿತು. ಎರಡನೆಯದಕ್ಕೆ ಪಕ್ಕದವನ ತಲೆ ಹಾರಿತು. ಆರ್ವೆಲ್ಲಾ ರಣಚಂಡಿಯಂತೆ ಕೇಕೆ ಹಾಕಿದಳು. ಮೂರನೆಯದಕ್ಕೆ ಟಿಕ್ ಎಂದಿತು, ಅಷ್ಟೇ.

ಗುಂಡು ಸಿಡಿಯದಿದ್ದರೆ ಆ ಜಾಣೆ ಮುಂದಿನದನ್ನು ಎಳೆದುಕೊಳ್ಳುವುದಿಲ್ಲ. ಮೇಲಿನ ಕಬ್ಬಿಣವನ್ನು ನಾವೇ ಹಿಂದಕ್ಕೆ ಜಗ್ಗಬೇಕು. ಸಂಧಿವಾತದ ಬೆರಳಿಂದ ಅವಳು ಜಗ್ಗಿದಳು, ಜಾರಿತು, ಮತ್ತೆ ಜಗ್ಗಿದಳು. ಕಬ್ಬಿಣ ಸರ್ರನೆ ಮುಂದಕ್ಕೆ ಬಂದು ಹೆಬ್ಬೆರಳ ಪಕ್ಕದ ಮಾಂಸವನ್ನು ಕಚ್ಚಿತು. ಈ ಸಲ ಚಿಮ್ಮಿದ್ದು ಟೊಮೇಟೊ ಅಲ್ಲ. ನಾಲ್ಕನೆಯದರ ಖಾಲಿ ತೋಟಾ ಅಡ್ಡಡ್ಡ ಸಿಕ್ಕಿಕೊಂಡಿತು. ಆರನೆಯದು ಮತ್ತೆ ಠುಸ್. ಕೊನೆಗೆ ಅವಳು ಪಿಸ್ತೂಲನ್ನು ಪೂರ್ತಿ ಖಾಲಿ ಮಾಡಿ, ಎರಡು ಸಲ ಇಣುಕಿ ನೋಡಿ ಖಾತ್ರಿ ಮಾಡಿಕೊಂಡು, ಶತ್ರುವಿನ ಮೇಲೆ ಬೀಸಿ ಎಸೆದಳು. ಡಬ್ಬಿ ಚಪ್ಪಟೆಯಾಯಿತು. ಆ ಮಧ್ಯಾಹ್ನ ಆ ಸುಂದರಿ ಒಂದೇ ಏಟಿಗೆ ಮಾಡಿದ ಕೊನೆಯ ಕೊಲೆ ಅದು.

ಕೈಗೆ ಬಟ್ಟೆ ಸುತ್ತಿಕೊಂಡು, ಟೊಮೇಟೊ ಮೆತ್ತಿದ ಪಿಸ್ತೂಲನ್ನು ಅವಳು ಮೇಜಿನ ಮೇಲಿಟ್ಟಾಗ ಎಸ್ಟಿಲ್ ನಗಲಿಲ್ಲ. ಅವನಿಗೂ ಜೀವದ ಮೇಲೆ ಆಸೆಯಿತ್ತು.

"ಬಕೆಟ್ ಬಿಡಲ್ಲ ತಾನೆ?"

"ಬಿಡಲ್ಲ. ಹೋದ ವರ್ಷ ಸೋತವರೇ ತೋಟಾ ತರಬೇಕು ಅಂತ ಅಜ್ಜಿ ಮಾಡಿಟ್ಟಿದ್ದಾಳೆ. ಅದನ್ನ ಬಾಣಲೆಗೆ ಸುರಿದು ಇಬ್ರೂ ಅದರಿಂದ್ಲೇ ತುಂಬಬೇಕು. ನಾನು ಡೆನ್ವರನ ಬಕೆಟ್ಟೇ ತಗೊಂಡು ಹೋಗೋದು."

ಎಸ್ಟಿಲ್ ಗಡ್ಡ ಕೆರೆಯುತ್ತ ನಿಧಾನವಾಗಿ ಕೇಳಿದ: "ಇಬ್ರೂ ಅದೇ ತೋಟಾನಾ?" ಅವನ ಮುಖದಲ್ಲಿ ಬೆಳಕು ಹತ್ತಿತು. "ಹಾಗಾದ್ರೆ ಪಿಸ್ತೂಲಿಗೆ ತಕ್ಕ ತೋಟಾ ಹುಡುಕೋದು ಬಿಡಿ. ತೋಟಾಕ್ಕೆ ತಕ್ಕ ಪಿಸ್ತೂಲು ಕೊಡ್ತೀನಿ." ಮೇಜಿನಡಿಯಿಂದ ಒಂದು ರಿವಾಲ್ವರ್ ತೆಗೆದ. ಮೂಗು ಮೊಂಡು, ಬಣ್ಣ ಹೋಗಿ ಬೋಳು, ಹಿಡಿಗೆ ಬಿರುಕು. ಗುಂಡು ತುಂಬುವ ಉರುಳೆಯಲ್ಲಿ ಒಂಬತ್ತು ತೂತು.

"ಥೂ, ಇದೇನೋ ಇದು, ಸತ್ತ ಹೆಗ್ಗಣ!"

"ಹೆಗ್ಗಣ ಏನ್ ಹಾಕಿದ್ರೂ ತಿನ್ನುತ್ತೆ ಮಿಸ್ ಆರ್ವೆಲ್ಲಾ. ಒಂದು ಠುಸ್ ಅಂದ್ರೆ ಮತ್ತೆ ಟ್ರಿಗರ್ ಒತ್ತಿ; ಉರುಳೆ ತಿರುಗಿ ಮುಂದಿನದು ಬರುತ್ತೆ. ಜಗ್ಗೋದಿಲ್ಲ, ಕಚ್ಚೋದಿಲ್ಲ. ಒತ್ತೋಕೆ ಮಾತ್ರ ಗಟ್ಟಿ. ಆದ್ರೆ ನಿಮ್ಮ ಹಿಡಿತದ ಗುರುತು ನನ್ನ ಕಿವೀಲಿ ಇನ್ನೂ ಇದೆ."

ಅವಳು ಅದನ್ನು ಕೈಗೆ ತೆಗೆದುಕೊಂಡಳು. ತೂಕ ಸರಿಯಾಗಿ ಸಾರಿನ ಸೌಟಿನದೇ.

ಸಮಾಧಿಯ ದಿನ ಬಂತು. ಕಳೆ ಕಿತ್ತರು, ಕೋಳಿ ತಿಂದರು. ಸ್ಮಶಾನದ ಹಿಂದಿನ ಮಣ್ಣಿನ ಗೋಡೆಯ ಮುಂದೆ ಒಬ್ಬೊಬ್ಬರಿಗೆ ಒಂಬತ್ತರಂತೆ ಡಬ್ಬಿ ಜೋಡಿಸಿದರು. ಪಂಚಾಯಿತಿಗೆ ಓಡಾ ಅಜ್ಜಿಯ ತಮ್ಮ, ಎಂಬತ್ತನಾಲ್ಕರ ಹೋಬರ್ಟ್ ಮಾಮ. ಒಬ್ಬೊಬ್ಬರಿಗೂ ಅವನು ಒಂದು ಕೀರ್ತನೆ ಹಾಡಿ ಮುಗಿಸುವಷ್ಟೇ ಹೊತ್ತು. ಅಷ್ಟರಲ್ಲಿ ಎಷ್ಟು ಸಲ ಬೇಕಾದರೂ ತುಂಬಿಕೊಳ್ಳಬಹುದು.

ಟ್ವೈಲಾ ತನ್ನ ಉದ್ದ ನಳಿಗೆಯ ಕೆಂಪು ಚುಕ್ಕೆಯ ರಾಣಿಯನ್ನು ಮಖಮಲ್ಲಿನಿಂದ ಬಿಚ್ಚಿದಳು. ಅತ್ತಿಗೆಯ ಕೈ ನೋಡಿ ಬಿದ್ದು ಬಿದ್ದು ನಕ್ಕಳು. "ಅದೇನೇ ಆರ್ವೆಲ್ಲಾ, ಕೊಳಾಯಿ ರಿಪೇರಿಗೆ ಬಂದ್ಯಾ?"

"ನಿನ್ನ ಹುಂಜದ ಕತ್ತು ಮುರಿಯೋಕೆ ಬಂದೆ."

ಹೋಬರ್ಟ್ ಮಾಮ ಹಾಡು ಎತ್ತಿದ. ಟ್ವೈಲಾ ನಾಲ್ಕು ಗುಂಡಿಗೆ ನಾಲ್ಕು ಡಬ್ಬಿ ಸೀಳಿದಳು. ಟೊಮೇಟೊ ಮಳೆ ಸುರಿಯಿತು. ಐದನೆಯದು ಟಿಕ್. ಜಗ್ಗಿದಳು. ಹೊಡೆದಳು, ಬಿತ್ತು. ಮುಂದಿನದು ಅಡ್ಡ ಸಿಕ್ಕಿಕೊಂಡಿತು. ಉಗುರು ಕಿತ್ತು ಬಂತು, ಬಾಯಿಂದ ಇಗರ್ಜಿ ಎಂದೂ ಕೇಳದ ಮಾತುಗಳು ಬಂದವು. ಹಾಡು ಮುಗಿಯುವಾಗ ಆರು ಹೆಣ ಬಿದ್ದಿದ್ದವು.

ಆರ್ವೆಲ್ಲಾಳ ಸರದಿ. ಟಿಕ್. ಢಮ್. ಢಮ್. ಟಿಕ್. ಢಮ್. ಮುಖದಲ್ಲಿ ಯಾವ ಭಾವವೂ ಇಲ್ಲ, ಮುನ್ನೂರು ಮಕ್ಕಳಿಗೆ ಬಡಿಸುವ ಅದೇ ಮುಖ. ಒಂಬತ್ತು ಒತ್ತಿಗೆ ಆರು ಬಿದ್ದವು. ಆಕೆ ಖಾಲಿ ತೋಟಾ ಕೆಡವಿ ಬಾಣಲೆಗೆ ಕೈ ಹಾಕುವಾಗ ಹೋಬರ್ಟ್ ಮಾಮ ಕೊನೆಯ ಸಾಲಿಗೆ ಬಂದಿದ್ದ. ಸಂಧಿವಾತದ ಬೆರಳಿಗೆ ದಕ್ಕಿದ್ದು ಎರಡೇ ತೋಟಾ. ಉರುಳೆ ಮುಚ್ಚಿದಳು. ಟಿಕ್. ಮಾಮ ಕೊನೆಯ ಪದವನ್ನು ಎಳೆದು ಉಸಿರು ಬಿಡುತ್ತಿದ್ದ. ಢಮ್! ಏಳನೆಯವನ ಕರುಳು ಗೋಡೆಗೆ ಮೆತ್ತಿತು.

"ಮೋಸ!" ಟ್ವೈಲಾ ಕಿರುಚಿದಳು. "ಕೊಳೆತ ತೋಟಾ ತಂದಿದ್ದಾಳೆ!"

"ನಿನ್ನ ಅಣ್ಣ ಕೂಡಿಟ್ಟದ್ದು ಕಣೇ! ಕೊಳೆತದ್ದು ಅಂತೀಯಾ?"

ಇಬ್ಬರೂ ಅಂಗಿಯ ತೋಳು ಮೇಲಕ್ಕೆ ಮಡಚಿದರು. ಆದರೆ ಓಡಾ ಅಜ್ಜಿಯದು ಇನ್ನೊಂದು ಕಟ್ಟಳೆ ಇತ್ತು: ಪಿಸ್ತೂಲುಗಳು ಖಾಲಿಯಾಗಿ ಹೋಬರ್ಟನ ಗಾಡಿಯೊಳಗೆ ಬೀಗ ಬೀಳುವವರೆಗೆ ಯಾರೂ ಯಾರ ಮೇಲೂ ಕೈ ಎತ್ತುವಂತಿಲ್ಲ. ಹಾಗಾಗಿ ಇಬ್ಬರೂ ಬುಸುಗುಡುತ್ತ, ಮುಷ್ಟಿ ಬಿಗಿದು, ಅಕ್ಕಪಕ್ಕದಲ್ಲಿ ಕಾದು ನಿಂತರು. ಮಾಮ ಕೀಲಿಕೈ ಹುಡುಕಿದ. ಅಂಗಿ ಜೇಬು, ಪ್ಯಾಂಟಿನ ಜೇಬು, ಟೋಪಿ.

"ಎಡಗಡೆ ನೋಡು ಮಾಮ," ಟ್ವೈಲಾ ಹಲ್ಲು ಕಡಿದಳು.

"ಕೊರಳಲ್ಲಿ ನೇತಾಡ್ತಿದೆ ಮಾಮ," ಆರ್ವೆಲ್ಲಾ ಹೇಳಿದಳು.

ಬೀಗ ಕ್ಲಿಕ್ ಎಂದಿತು. ಮೊದಲ ಗುದ್ದಿಗೆ ಟ್ವೈಲಾಳ ಮೂಗು ಒಡೆಯಿತು. ಎರಡನೆಯದಕ್ಕೆ ಆರ್ವೆಲ್ಲಾಳ ಕಣ್ಣು ನೇರಳೆಯಾಯಿತು. ಆಲೂಗಡ್ಡೆ ಸಲಾಡಿನ ತಟ್ಟೆ ಯಾರ ತಲೆಯ ಮೇಲೋ ನುಚ್ಚಾಯಿತು. ಕೂದಲು ಗೊಂಚಲಾಗಿ ಗಾಳಿಗೆ ಹಾರಿತು. ನೆಂಟರು ಕುರ್ಚಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಕೆಳಗೆ ಬಿದ್ದ ಟ್ವೈಲಾಳ ಕೈಗೆ ಬಾಣಲೆ ಸಿಕ್ಕಿತು. ಉಳಿದ ತೋಟಾವನ್ನು ಹುಲ್ಲಿಗೆ ಸುರಿದು ಅದನ್ನು ಎರಡೂ ಕೈಯಲ್ಲಿ ಎತ್ತಿ, "ನನಗಿಲ್ಲದ್ದು ಯಾರಿಗೂ ಬೇಡ!" ಎಂದು ಅಮ್ಮನ ಸಮಾಧಿಕಲ್ಲಿನ ಬುಡಕ್ಕೆ ಅಪ್ಪಳಿಸಿದಳು.

ಬೀಡು ಕಬ್ಬಿಣ ಕಲ್ಲಿಗೆ ಬಿದ್ದರೆ ಎರಡು ಹೋಳು. ಅದು ಅಲ್ಲಿದ್ದವರಿಗೆಲ್ಲ ಗೊತ್ತು. ಆರ್ವೆಲ್ಲಾ ಯೋಚಿಸಲಿಲ್ಲ, ಕಲ್ಲಿಗೂ ಬಾಣಲೆಗೂ ನಡುವೆ ತನ್ನ ಬಲಗಾಲು ಚಾಚಿದಳು.

ಮೂಳೆ ಮುರಿದ ಸದ್ದು ಕೊನೆಯ ಸಾಲಿನ ಕುರ್ಚಿಯವರೆಗೂ ಕೇಳಿತು. ಬಾಣಲೆಗೆ ಒಂದು ಗೀರೂ ಬೀಳಲಿಲ್ಲ.

ಟ್ವೈಲಾ ಮೂಗಿನ ರಕ್ತ ಒರೆಸಿಕೊಂಡು ಅತ್ತಿಗೆಯ ಕಾಲು ನೋಡಿದಳು, ಬಾಣಲೆ ನೋಡಿದಳು, ಅಮ್ಮನ ಕಲ್ಲು ನೋಡಿದಳು. "ಹುಚ್ಚಿ ಕಣೇ ನೀನು," ಎಂದಳು. ಆಮೇಲೆ ತೋಳು ಕೊಟ್ಟು ಎಬ್ಬಿಸಿ, ತನ್ನ ಗಾಡಿಯಲ್ಲೇ ಆಸ್ಪತ್ರೆಗೆ ಒಯ್ದಳು. ದಾರಿಯುದ್ದಕ್ಕೂ ಬಾಣಲೆ ಆರ್ವೆಲ್ಲಾಳ ತೊಡೆಯ ಮೇಲಿತ್ತು; ಸೂಜಿ ಚುಚ್ಚುವಾಗಲೂ ನರ್ಸಿನ ಕೈಗೆ ಕೊಡಲಿಲ್ಲ.

ಮುಂದಿನ ಭಾನುವಾರ ಆರ್ವೆಲ್ಲಾ ಪಟ್ಟಿ ಸುತ್ತಿದ ಕಾಲಲ್ಲಿ ಒಲೆಯ ಮುಂದೆ ನಿಂತು ರೊಟ್ಟಿ ಬೇಯಿಸಿದಳು. ಅಂಚು ಗರಿಗರಿ, ನಡು ಬೆಣ್ಣೆಯಂತೆ, ಸಕ್ಕರೆ ಒಂದು ಹರಳೂ ಇಲ್ಲ. ಮೂಗಿಗೆ ಪಟ್ಟಿ ಹಚ್ಚಿಕೊಂಡ ಟ್ವೈಲಾ ಮೂರು ತುಂಡು ತಿಂದಳು, ಬೆರಳು ನೆಕ್ಕಿ ನಾಲ್ಕನೆಯದಕ್ಕೆ ಕೈ ಚಾಚಿದಳು.

"ಚೆನ್ನಾಗಿದೆ," ಎಂದಳು. "ಒಂದೇ ಒಂದು ಚಮಚ ಸಕ್ಕರೆ..."

ಆರ್ವೆಲ್ಲಾ ಊರುಗೋಲು ಎತ್ತಿದಳು.